ಕಚೇರಿಗೆ ಹೂಡಿದ ಒಲೆ

ಅಥವಾ ಆ ಒಲೆ ಹಿತ್ತಲಲ್ಲಿ ಇರಲೇ ಇಲ್ಲವೇನೋ. ಈಗ ನನಗೆ ಕಾಣುವುದು ಬಾವಿಯ ಪಕ್ಕದಲ್ಲಿ ಇಳಿಬಿಟ್ಟ ತಗಡಿನ ಮಾಡು, ಅದರ ಕೆಳಗೆ ಮೂರು ಕಲ್ಲು, ಕಲ್ಲಿನ ಹಿಂದೆ ಸುಣ್ಣದ ಗೋಡೆ, ಗೋಡೆಯ ಮೇಲೆ ಮಸಿ. ಆದರೆ ಆ ಮನೆಯಲ್ಲಿ ಬಾವಿ ಇತ್ತೇ? ಬೆಳಿಗ್ಗೆ ನಳಕ್ಕೆ ಪಾಳಿ ಹಚ್ಚಿ ನಿಂತದ್ದು ನೆನಪಿದೆ, ಹಗ್ಗ ಸೇದಿದ್ದು ನೆನಪಿಲ್ಲ. ಬಾವಿ ನನ್ನ ಅಜ್ಜಿಯ ಊರಿನದಿರಬೇಕು. ಯಾವಾಗಲೋ ಸರಿದು ಬಂದು ಇಲ್ಲಿ ಕೂತಿದೆ. ತೆಗೆದುಹಾಕುತ್ತೇನೆ. ಬಾವಿ ತೆಗೆದ ಕೂಡಲೆ ತಗಡಿನ ಮಾಡಿಗೆ ಆಸರೆ ಇಲ್ಲದಂತಾಗುತ್ತದೆ, ಗೋಡೆ ಯಾವ ದಿಕ್ಕಿಗಿತ್ತು ಎಂಬುದೂ ಅನುಮಾನವಾಗುತ್ತದೆ. ಕಲ್ಲು ಮೂರು ಮಾತ್ರ ಕದಲುವುದಿಲ್ಲ. ಅವನ್ನು ಹೂಡಿದ ದಿನ ನಾನು ಅಲ್ಲಿದ್ದೆ. ಇದ್ದೆ ಎಂದೇ ಇಟ್ಟುಕೊಂಡು ಮುಂದೆ ಹೋಗುತ್ತೇನೆ.

ಬ್ಯಾಡಗಿಯ ಆ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಓಣಿಗೆಲ್ಲ ನಾನು ಅಕ್ಕೋರು. ಕೋಣೆಯ ಮೂಲೆಯಲ್ಲಿ ಒಂದು ಸೀಮೆಎಣ್ಣೆ ಸ್ಟೋವು ಇಟ್ಟುಕೊಂಡು ಅನ್ನ ಮಾಡಿಕೊಳ್ಳುತ್ತಿದ್ದೆ. ಈ ಕತೆಯಲ್ಲಿ ಒಲೆಗಳನ್ನು ಎಣಿಸುವ ಪ್ರಸಂಗ ಮೇಲಿಂದ ಮೇಲೆ ಬರುತ್ತದೆ. ನನ್ನ ಸ್ಟೋವು ಒಮ್ಮೆಯೂ ಎಣಿಕೆಗೆ ಬರಲಿಲ್ಲ. ಸ್ಟೋವಿಗೆ ಕುಲ ಇಲ್ಲ, ಮನೆತನ ಇಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಬಹುದು.

ಮನೆಯ ಯಜಮಾನಿ ಒಬ್ಬ ಮುದುಕಿ. ಅವಳ ಹಿರಿಯ ಮಗ ಮೆಣಸಿನಕಾಯಿಯ ದಲಾಲಿ ಅಂಗಡಿಯೊಂದರಲ್ಲಿ ತೂಕ ಮಾಡುವವನು. ಅವನ ಹೆಂಡತಿ ಹಿರಿಸೊಸೆ. ಕಿರಿಯ ಮಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ಸತ್ತಿದ್ದ. ಅವನ ಹೆಂಡತಿ ಕಿರಿಸೊಸೆ, ಮಕ್ಕಳಿಲ್ಲದವಳು, ಅತ್ತೆಯ ಮನೆಯಲ್ಲೇ ಉಳಿದಿದ್ದಳು. ಅವಳು ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು. ತವರಿನಲ್ಲಿ ಯಾರೂ ಇರಲಿಲ್ಲ. ಊಟದ ಸಾಲಿನಲ್ಲಿ ಕೊನೆಯ ಗಂಗಾಳ, ಅಂದರೆ ಊಟದ ತಟ್ಟೆ, ಅವಳದು. ಆ ಗಂಗಾಳ ಇರುವ ತನಕ ಅವಳು ಆ ಮನೆಯವಳು. ಅವಳಿಗೆ ಅದರಾಚೆ ಬೇರೆ ಆಧಾರ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಮೂವರು ಹೆಂಗಸರೂ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಒಣ ಮೆಣಸಿನಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಸುಗ್ಗಿಯ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳ ಅಂಗಳದಲ್ಲಿ ಕೆಂಪು ರಾಶಿಗಳು ಬೀಳುತ್ತವೆ, ಪ್ರತಿ ರಾಶಿಯ ಸುತ್ತ ಹೆಂಗಸರು ಕೂರುತ್ತಾರೆ, ಊರಿಗೆ ಊರೇ ಕೆಮ್ಮುತ್ತದೆ. ಕೈಗೆ ಎಣ್ಣೆ ಸವರಿಕೊಂಡರೂ ಉರಿ ಬಿಡುವುದಿಲ್ಲ. ಕೂಸು ಅತ್ತರೆ ತಾಯಂದಿರು ಮೊಣಕೈಯಿಂದ ಎಳೆದುಕೊಳ್ಳುತ್ತಿದ್ದರು. ಬೆರಳಿನಿಂದ ಮಕ್ಕಳ ಮುಖ ಮುಟ್ಟುವಂತಿರಲಿಲ್ಲ. ಯಾರು ಯಾವ ರಾಶಿಗೆ ಕೂರಬೇಕೆಂದು ಹೇಳುವವಳು ಮುಕಾದಮ. ಅವಳೂ ಹೆಂಗಸೇ, ಅಂಗಡಿಯವರಿಗೆ ಆಳು ಕೂಡಿಸಿ ಕೊಡುವುದು ಅವಳ ಕೆಲಸ. ನೀರು ಚಿಮುಕಿಸಿ ಮೆತ್ತಗೆ ಮಾಡಿದ ರಾಶಿ ಬೇಕಾದವರಿಗೆ. ಎದುರು ಮಾತಾಡಿದವರಿಗೆ ಒಣ ರಾಶಿ. ಒಣ ಕಾಯಿ ಮುಟ್ಟಿದರೆ ಒಡೆಯುತ್ತದೆ, ಬೀಜ ಹಾರುತ್ತದೆ, ಘಾಟು ಎದೆಗೆ ಇಳಿಯುತ್ತದೆ.

ಮುದುಕಿಗೆ ಒಂದು ಸಲ ದಿನಗಟ್ಟಲೆ ಸಾಲಾಗಿ ಒಣ ರಾಶಿಯೇ ಬಂತು. ಅವಳು ಸೆರಗು ಕೊಡವಿ ಎದ್ದು ನಿಂತಳಂತೆ. ನಾನು ಇದನ್ನು ಕಂಡವಳಲ್ಲ, ಆದರೆ ಓಣಿಯ ಎಲ್ಲರೂ ಒಂದೇ ತರಹ ಹೇಳುತ್ತಿದ್ದರು. ಎಲ್ಲರೂ ಒಂದೇ ತರಹ ಹೇಳುವುದರಿಂದಲೇ ನನಗೆ ನಂಬಿಕೆ ಕಡಿಮೆ.

"ಹಾಲಿನ ಸಂಘ ಐತಿ, ನೇಕಾರರ ಸಂಘ ಐತಿ. ಎಮ್ಮಿಗೆ ಇರೂ ಸಂಘ ನಮಗ್ಯಾಕ ಇಲ್ಲ?" ಎಂದಳಂತೆ.

ಮುಕಾದಮ ನಕ್ಕಳಂತೆ. "ಎಮ್ಮಿ ಹಾಲ ಕೊಡ್ತದ ಬೇ. ನೀ ಏನ ಕೊಡ್ತಿ?"

ಮುದುಕಿಗೆ ಆ ಮಾತು ತಾಗಿತು. ಅಂದಿನಿಂದ ಸಂಜೆಯ ಹೊತ್ತು ನನ್ನ ಕೋಣೆಯ ಮುಂದಿನ ಕಟ್ಟೆಯ ಮೇಲೆ ಹೆಂಗಸರು ಸೇರತೊಡಗಿದರು. ಸಂಘ ಆದರೆ ಅಂಗಡಿಯಿಂದ ಕಾಯಿಯ ಚೀಲ ನೇರವಾಗಿ ತಮ್ಮ ಕೈಗೆ. ಒಣ ರಾಶಿ ಬಂದರೆ ಎಲ್ಲರಿಗೂ ಒಣ, ಮೆತ್ತಗಿನದು ಬಂದರೆ ಎಲ್ಲರಿಗೂ ಮೆತ್ತಗಿನದು. ಕೆಮ್ಮು ಬಂದವಳು ಒಂದು ದಿನ ಮನೆಯಲ್ಲಿ ಮಲಗಿದರೆ ಮರುದಿನ ಜಾಗ ಹೋಗುವುದಿಲ್ಲ. ಅವರು ಕೇಳಿದ್ದು ಇಷ್ಟೇ. ಇಷ್ಟನ್ನೇ ಕೇಳುವಾಗ ಅವರ ಮುಖಗಳು ಹೇಗಾಗುತ್ತಿದ್ದವೆಂದರೆ, ನಾನು ಓದುತ್ತಿದ್ದ ಪುಸ್ತಕ ಮುಚ್ಚಿ ಕೂತು ಕೇಳುತ್ತಿದ್ದೆ. ಮುದುಕಿಗೆ ಸರಿಜೋಡಿಯಾಗಿ ಮಾತಾಡುವವಳು ಹಿಂದಿನ ಓಣಿಯ ಮುಸಲ್ಮಾನರ ಹೆಂಗಸು. ಎಲ್ಲರೂ ಅವಳನ್ನು ಬೂಬಮ್ಮ ಎಂದು ಕರೆಯುತ್ತಿದ್ದರು. ಅವಳ ಬಾಯಿಗೆ ಮುಕಾದಮಳೂ ಹೆದರುತ್ತಿದ್ದಳು.

ಮುಕಾದಮ ಸುಮ್ಮನೆ ಕೂರಲಿಲ್ಲ. ಸಂಘದ ಅರ್ಜಿಗೆ ಸಹಿ ಹಾಕಿದವಳಿಗೆ ಮುಂದೆ ಯಾವ ರಾಶಿಯ ಬಳಿಯೂ ಜಾಗ ಇಲ್ಲ ಎಂದು ಮನೆಮನೆಗೆ ಹೇಳಿ ಬಂದಳು. ಕಟ್ಟೆ ಖಾಲಿಯಾಗುತ್ತ ಬಂತು. ಕೊನೆಗೆ ಹೆಬ್ಬೆಟ್ಟು ಒತ್ತಲು ಉಳಿದವರು ಹತ್ತು ಮಂದಿ. ಅದರಲ್ಲಿ ಒಬ್ಬಳು ಮುದುಕಿ, ಒಬ್ಬಳು ಕಿರಿಸೊಸೆ. ಹಿರಿಸೊಸೆಗೆ ಗಂಡ ಬೇಡವೆಂದಿದ್ದ; ಅಂಗಡಿಯಲ್ಲಿ ತನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಅವನ ಹೆದರಿಕೆ.

ಅರ್ಜಿ ಹಿಡಿದುಕೊಂಡು ಹಾವೇರಿಗೆ ಹೋದೆವು. ಮುದುಕಿ, ಬೂಬಮ್ಮ, ಕಿರಿಸೊಸೆ, ಓದಿ ಹೇಳುವುದಕ್ಕೆ ನಾನು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಸಹಕಾರ ಸಂಘಗಳ ಕಚೇರಿಯ ಗುಮಾಸ್ತ ಒಳ್ಳೆಯವನು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಮ್ಮನ್ನು ಕೂರಿಸಿ ನೀರು ತರಿಸಿಕೊಟ್ಟ. ಹತ್ತು ಮಂದಿ ಹತ್ತು ಬೇರೆ ಬೇರೆ ಕುಟುಂಬದವರಿರಬೇಕು ಎಂದ.

"ಇಲ್ಲಿ ಇಬ್ಬರದೂ ಒಂದ ಮನಿ ಬರದೀರಲ್ಲವಾ?"

"ಒಂದ ಮನಿ ಅಲ್ಲೇನ್ರಿ ಮತ್ತ? ಅತ್ತಿ ನಾ, ಸೊಸಿ ಅಕಿ."

"ಹಂಗಾದ್ರ ಒಂಬತ್ತಾತು. ಹತ್ತು ಬೇಕು."

"ಕೈ ಎಣಸ್ರಿ ಸಾಹೇಬ್ರ. ಇಪ್ಪತ್ತು ಅದಾವು."

"ಕಾಯಿದೆ ಕೈ ಎಣಸಂಗಿಲ್ಲವಾ, ಒಲಿ ಎಣಸ್ತದ. ಒಲಿ ಬ್ಯಾರೆ ಇದ್ರ ಕುಟುಂಬ ಬ್ಯಾರೆ. ಇಲ್ಲಾಂದ್ರ ಇನ್ನೊಂದು ಮನಿಯಾಕಿನ್ನ ಹುಡುಕ್ಕೊಂಡ ಬರ್ರಿ. ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ನೋಡ್ತಾರ."

ಕಾಯಿದೆಯಲ್ಲಿ ಒಲೆಯ ಮಾತಿರಲಾರದು. ಆ ಮಾತು ಗುಮಾಸ್ತ ನಗೆಗೆ ಅಂದದ್ದೋ, ಮರಳಿ ಬರುವಾಗ ಬಸ್ಸಿನಲ್ಲಿ ಮುದುಕಿ ಬೂಬಮ್ಮನಿಗೆ ಹೇಳುತ್ತ ತಾನೇ ಕಟ್ಟಿದ್ದೋ ಎಂದು ಈಗ ಅನುಮಾನ. ಬಸ್ಸಿನಲ್ಲಿ ನಡೆದದ್ದಕ್ಕಾದರೆ ನನ್ನ ಕಿವಿ ಸಾಕ್ಷಿ.

"ಮೂರ ಕಲ್ಲಿಗೆ ಏನ ಬರಗಾಲ? ಹಿತ್ತಲದಾಗ ಹೂಡಿದ್ರಾತು," ಎಂದಳು ಮುದುಕಿ.

"ಸಾಹೇಬ ಬೆನ್ನ ತಿರುಗಿಸಿದ ಕೂಡ್ಲೆ ಒದ್ದ ಕೆಡವೂದು," ಎಂದಳು ಬೂಬಮ್ಮ. "ಏನವಾ ಸಣ್ಣಾಕಿ, ಒಂದ ದಿನಕ್ಕ ಮನಿಯೊಡತಿ ಆಗ್ತಿ ನೋಡ."

ಸಣ್ಣಾಕಿ, ಅಂದರೆ ಕಿರಿಸೊಸೆ, ನಕ್ಕಳು ಎಂದು ಬರೆಯಲು ಕೈ ಮುಂದಾಗುತ್ತದೆ. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ನಾನು ಕಂಡದ್ದು ಅವಳ ತುರುಬನ್ನು.

ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಮುದುಕಿ ಹಿತ್ತಲಿನ ಮಾಡಿನ ಕೆಳಗೆ ಕಲ್ಲು ಹೂಡಿದಳು. ಮಣ್ಣು ಮೆತ್ತಿದಳು, ಸೆಗಣಿಯಿಂದ ಸಾರಿಸಿದಳು. ಹೊಸ ಒಲೆ ಎಂದು ಗೊತ್ತಾಗಬಾರದೆಂದು ಹಿರಿಸೊಸೆ ಗೋಡೆಗೆ ಮಸಿ ಬಳಿದಳು. ಎಲ್ಲರೂ ನಗುತ್ತಿದ್ದರು, ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುವವರ ಹಾಗೆ. ಬೆಂಕಿ ಹಚ್ಚುವ ಹೊತ್ತಿಗೆ ಮುದುಕಿಯ ಕೈ ನಿಂತಿತು.

"ಹಾಲ ಇಲ್ಲದ ಹೊಸಾ ಕಲ್ಲಿಗೆ ಬೆಂಕಿ ಇಡೂದು ಸುಡುಗಾಡದಾಗ," ಎಂದಳು.

"ಇದೇನ ಖರೇ ಒಲಿ ಏನ ಬೇ?" ಎಂದ ಹಿರಿಯ ಮಗ. "ಸಾಹೇಬ ನೋಡಿ ಹೋಗ್ತಾನ, ಆಮ್ಯಾಲ ಕೆಡವತೇವಿ."

"ಬೆಂಕಿ ಸುಳ್ಳು ಇರ್ತದೇನಲೇ?"

ಅವಳು ಹಾಲು ತರಿಸಿದಳು. ಕಲ್ಲುಗಳಿಗೆ ವಿಭೂತಿ ಹಚ್ಚಿದಳು, ಕೈಮುಗಿದಳು, ಹೊಸ ಗಡಿಗೆಯಲ್ಲಿ ಹಾಲು ಕಾಯಿಸಿ ಉಕ್ಕಿಸಿದಳು. ಹಾಲು ಮೂಡಣದ ಕಡೆಗೇ ಚೆಲ್ಲಿತು. ಶುಭ ಎಂದು ಅವಳಿಗೆ ಖುಷಿಯೂ ಆಯಿತು. ಹೊಸ ಮನೆ ಕಟ್ಟಿದಾಗ ಮಾಡುವುದು ಇದನ್ನೇ. ಅಣ್ಣ ತಮ್ಮಂದಿರು ಬೇರೆಯಾದಾಗ ಮಾಡುವುದೂ ಇದನ್ನೇ. ಹಾಲು ಉಕ್ಕಿದ ಒಲೆಯನ್ನು ಒಡೆಯುವಂತಿಲ್ಲ, ಅದನ್ನು ತಣ್ಣಗೆ ಇಡುವಂತೆಯೂ ಇಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಉಕ್ಕಿಸಿದವಳಿಗಂತೂ ಎಲ್ಲರಿಗಿಂತ ಚೆನ್ನಾಗಿ. ಆದರೂ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ. ಕಚೇರಿಗೆ ಸುಳ್ಳು ಹೇಳುವುದಕ್ಕೆ ಅವರು ಅಂಜಲಿಲ್ಲ. ಒಲೆಗೆ ಸುಳ್ಳು ಹೇಳುವುದು ಅವರಿಂದ ಆಗಲಿಲ್ಲ.

ಇನ್ಸ್‌ಪೆಕ್ಟರು ಬಂದರು. ಹಿತ್ತಲಿಗೆ ಹೋಗಿ ಬಗ್ಗಿ ನೋಡಿದರು. ಕಿರಿಸೊಸೆ ಆ ಒಲೆಯ ಮೇಲೇ ಚಹಾ ಮಾಡಿ ಕೊಟ್ಟಳು. ಅವರು ಬಟ್ಟಲು ಹಿಡಿದುಕೊಂಡು ಕೇಳಿದರು.

"ನೀವು ಬ್ಯಾರೆ ಅದೀರೇನವಾ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಹುಬ್ಬು ಹಾರಿಸಿದಳು.

"ಹೌದ್ರಿ."

"ಮನಿಯವರ ಕೂಡ ಊಟ ಇಲ್ಲ?"

"ಇಲ್ರಿ."

ಗೇಟಿನವರೆಗೆ ಹೋಗಿ ಇನ್ಸ್‌ಪೆಕ್ಟರನ್ನು ಕಳಿಸಿ ಬಂದ ಹಿರಿಯ ಮಗ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದ. "ಕೇಳಿದಿರಿಲ್ಲೋ? ಬ್ಯಾರೆ ಅದೇನಿ ಅಂದ್ಲು. ಸರಕಾರದ ಮುಂದ ಅಂದ್ಲು!" ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನಗುವಂಥದೇ ಆಗಿತ್ತು.

ಸಂಜೆ ಊಟಕ್ಕೆ ಕೂತಾಗ ಕಿರಿಸೊಸೆ ದಿನದಂತೆ ಕೊನೆಯ ಗಂಗಾಳ ತೆಗೆದುಕೊಂಡು ಬಂದಳು. ರೊಟ್ಟಿ ಹಾಕುತ್ತಿದ್ದ ಹಿರಿಸೊಸೆ, "ಏನವಾ ಯಜಮಾನತಿ, ನಿನ್ನ ಒಲಿ ಮ್ಯಾಲ ಏನ ಮಾಡೀದಿ ಇವತ್ತ? ನಮಗೂ ಒಂದಿಷ್ಟ ನೀಡ," ಎಂದಳು. ಮತ್ತೆ ನಗೆ. ಮರುದಿನವೂ ಅದೇ ಮಾತು, ಸ್ವಲ್ಪ ಬದಲಾಗಿ. ಅದರ ಮರುದಿನ ಇನ್ನೂ ಸ್ವಲ್ಪ. ಯಾವ ದಿನ ಆ ಮಾತಿನಿಂದ ನಗೆ ಉದುರಿ ಹೋಯಿತು ಎಂದು ನಾನು ಎಷ್ಟೋ ಸಲ ಹುಡುಕಿದ್ದೇನೆ. ಅಂಥ ದಿನ ಸಿಗುವುದಿಲ್ಲ. ಮೊದಲು ಒಲೆ ತಣ್ಣಗಿರಬಾರದೆಂದು ಕಿರಿಸೊಸೆ ಅದರ ಮೇಲೆ ಸ್ನಾನದ ನೀರು ಕಾಯಿಸಿದಳು. ಆಮೇಲೆ ನೀರೊಂದೇ ಆದರೆ ಹೇಗೆ ಎಂದು ಒಂದು ಹಿಡಿ ನುಚ್ಚು ಬೇಯಿಸಿದಳು. ನುಚ್ಚು ಬೆಂದ ಮೇಲೆ ಅದನ್ನು ತಿನ್ನಬೇಕಲ್ಲ.

ಸಂಘ ನೋಂದಣಿಯಾಯಿತು. ಕಟ್ಟೆಯ ಮೇಲಿನ ಗೋಡೆಗೆ ಬೋರ್ಡು ಬಂತು. ಹಿರಿಯ ಮಗನ ಅಂಗಡಿಯವರೇ, ನೋಡೋಣ ಎಂದು, ಚೀಲ ಕೊಡಲು ಒಪ್ಪಿದರು. ಬಂದ ಚೀಲ ಹಂಚುವುದು ಹೇಗೆ ಎಂಬುದಕ್ಕೆ ಕಟ್ಟೆಯ ಮೇಲೆ ದೊಡ್ಡ ಜಗಳವಾಯಿತು. ಕೈ ಎಣಿಸಿ ಹಂಚೋಣ ಎಂದಳು ಬೂಬಮ್ಮ. ಹಾಗಾದರೆ ಮನೆ ತುಂಬ ಹೆಂಗಸರಿರುವವರೇ ಎಲ್ಲ ಒಯ್ಯುತ್ತಾರೆ, ಒಲೆಗೆ ಒಂದರಂತೆ ಹಂಚೋಣ ಎಂದಳು ಮುದುಕಿ. ಒಬ್ಬಂಟಿ ಹೆಂಗಸರಿಗೆ ಇದರಿಂದ ಅನುಕೂಲವಿತ್ತು. ಮುದುಕಿಯ ಮಾತು ನ್ಯಾಯದ್ದು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಒಲೆಗೊಂದು ಚೀಲ ಎಂದೇ ತೀರ್ಮಾನವಾಯಿತು. ಅವಳ ಮನೆಯಲ್ಲಿ ಒಲೆ ಎರಡು ಎಂಬುದು ಮೊದಲ ಚೀಲ ಹಂಚುವಾಗ ಎಲ್ಲರ ಕಣ್ಣಿಗೆ ಬಿತ್ತು.

"ಅದು ಸುಳ್ಳ ಒಲಿ," ಎಂದಳು ಒಬ್ಬಳು.

"ಸುಳ್ಳ ಒಲಿ ಇದ್ರ ಸಂಘಾನೂ ಸುಳ್ಳು," ಎಂದಳು ಮುದುಕಿ. "ಹತ್ತನೇ ಹೆಬ್ಬಟ್ಟು ಅದರ ಮ್ಯಾಲ ನಿಂತೈತಿ. ಅಳಿಸಿ ನೋಡ್ರಿ, ಎಲ್ಲಾರೂ ಹೋಗಿ ಮುಕಾದಮಳ ಕಾಲ ಬೀಳ್ರಿ."

ಅದು ಖರೆ ಇತ್ತು. ಆದ್ದರಿಂದ ಒಲೆ ಖರೆಯಾಗಬೇಕಾಯಿತು. ಸದಸ್ಯ ಹೆಂಗಸರು ಬೆಂಕಿ ಕೇಳುವ ನೆಪದಲ್ಲಿ ಅಡಿಗೆಯ ಹೊತ್ತಿಗೇ ಹಿತ್ತಲಿಗೆ ಬರತೊಡಗಿದರು. ಕಿರಿಸೊಸೆಯ ಗಡಿಗೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಒಳಗಿನ ಸಾರಿನ ವಾಸನೆಯೂ ಹೊರಗಿನ ಸಾರಿನ ವಾಸನೆಯೂ ಬೇರೆ ಇವೆಯೋ ಇಲ್ಲವೋ ಎಂದು ಮೂಗು ಎಳೆದು ಪರೀಕ್ಷೆ ಮಾಡಿದವಳೊಬ್ಬಳಿದ್ದಳು. ಕಿರಿಸೊಸೆ ಒಳಗಿನ ಸಾಲಿನಲ್ಲಿ ಕೂತು ಉಣ್ಣುವುದನ್ನು ಯಾರಾದರೂ ಕಂಡರೆ ಚೀಲ ಹೋಗುತ್ತಿತ್ತು. ಅತ್ತೆಯೇ ಅವಳ ಗಂಗಾಳವನ್ನು ಹಿತ್ತಲಿಗೆ ಒಯ್ದು ಇಟ್ಟಳು. "ಸಂಘ ನೆಟ್ಟಗಾಗೂತನಕ, ಯವ್ವಾ. ಒಂದ ಸುಗ್ಗಿ," ಎಂದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ.

ಯುಗಾದಿ ಬಂತು. ಒಳಗೆ ಹೋಳಿಗೆ, ಹೊರಗೆ ನುಚ್ಚು. ಮುದುಕಿಗೆ ತಡೆಯಲಾಗಲಿಲ್ಲ. ಎರಡು ಹೋಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಪಕ್ಕದ ಮಾಳಿಗೆಯ ಮೇಲೆ ಸಂಡಿಗೆಯೋ ಏನೋ ಒಣಹಾಕುತ್ತಿದ್ದ ಸದಸ್ಯೆಯೊಬ್ಬಳು ಅದನ್ನು ಕಂಡಳು. ಆ ವಾರದ ಸಭೆಯಲ್ಲಿ ಬೇರೆ ವಿಷಯವೇ ಬರಲಿಲ್ಲ.

"ಹೋಳಿಗಿ ದಾಟೇತಿ!" ಎಂದು ಅವಳು ಎದ್ದು ನಿಂತು ಕೂಗಿದಳು. "ನಾ ಕಣ್ಣಾರೆ ಕಂಡೇನಿ. ಎರಡ ಹೋಳಿಗಿ!"

"ಹೋಳಿಗಿ ಅಲ್ಲ ಬೇ, ನಿನ್ನ ಬಾಯಾಗ ಮಣ್ಣ ಹಾಕ," ಎಂದಳು ಬೂಬಮ್ಮ. "ಹಬ್ಬದ ದಿನ ನನ್ನ ಮನಿಗೂ ಕಳಿಸ್ಯಾಳ. ನಾನೂ ಅಕಿ ಮನಿಯಾಕಿ ಆದ್ನೇನ?"

"ನೀ ಹೊರಗಿನಾಕಿ. ನಿಂಗ ಕಳಿಸಿದ್ರ ಮರ್ಯಾದಿ. ಸೊಸಿಗೆ ಕಳಿಸಿದ್ರ ಕೂಡಿ ಉಂಡಂಗ."

ಎಲ್ಲರೂ ತಲೆಯಾಡಿಸಿದರು. ಮಾತು ಹಾಗೆಯೇ ಇತ್ತು. ಓಣಿಯಲ್ಲಿ ಯಾರಿಗೆ ಬೇಕಾದರೂ ಹೋಳಿಗೆ ಕೊಡಬಹುದಿತ್ತು, ಕಿರಿಸೊಸೆಯೊಬ್ಬಳನ್ನು ಬಿಟ್ಟು. ಆ ದಿನದಿಂದ ಒಳಗಿನ ಅಡಿಗೆಮನೆಯಿಂದ ಹಿತ್ತಲಿಗೆ ಏನೂ ಹೋಗಲಿಲ್ಲ. ಸಭೆ ನಡೆಯುವಾಗ ಕಿರಿಸೊಸೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಎದುರಿಗೇ ಇಷ್ಟೂ ಮಾತಾಯಿತು. ಅವಳು ಏನಾದರೂ ಅಂದಿದ್ದರೆ ನನಗೆ ನೆನಪಿರುತ್ತಿತ್ತು ಎಂದುಕೊಂಡಿದ್ದೇನೆ.

ಮುಂದಿನ ಸುಗ್ಗಿಯ ಹೊತ್ತಿಗೆ ಓಣಿಯಲ್ಲಿ ಹೊಸ ಒಲೆಗಳು ಏಳತೊಡಗಿದವು. ಒಬ್ಬಳು ಅತ್ತೆಯನ್ನು ದನದ ಕೊಟ್ಟಿಗೆಗೆ ಸಾಗಿಸಿ ಅಲ್ಲಿ ಕಲ್ಲು ಹೂಡಿಸಿದಳು. ಒಬ್ಬಳು ಸವತಿಯನ್ನು ಬೇರೆ ಇಟ್ಟಳು. ಆ ಇಬ್ಬರು ಅದುವರೆಗೆ ಅಕ್ಕತಂಗಿಯರಂತೆ ಇದ್ದವರು. ಸುಳ್ಳು ಎನಿಸಬಾರದೆಂದು ಎಲ್ಲರೂ ಹಾಲು ಉಕ್ಕಿಸಿದರು. ಸಂಜೆ ಹೊಗೆ ಎಷ್ಟಾಗುತ್ತಿತ್ತೆಂದರೆ, ಘಾಟಿಗೆ ಕೆಮ್ಮುವುದೋ ಹೊಗೆಗೆ ಕೆಮ್ಮುವುದೋ ತಿಳಿಯುತ್ತಿರಲಿಲ್ಲ. "ಇನ್ನ ಗಂಡಗೊಂದು ಹೆಂಡ್ತಿಗೊಂದು ಹೂಡ್ರಿ," ಎಂದು ಬೂಬಮ್ಮ ಕಟ್ಟೆಗೆ ಬರುವುದನ್ನೇ ಬಿಟ್ಟಳು.

ಸಂಘ ಮುಳುಗಿದ್ದು ಒಂದೇ ಹಗಲಿನಲ್ಲಿ. ಅಂಗಡಿಯವರು ನೀರು ಚಿಮುಕಿಸಿ ಮೆತ್ತಗೆ ಮಾಡಿದ ದೊಡ್ಡ ರಾಶಿಯನ್ನು ಬೆಳಿಗ್ಗೆ ಇವರ ಮುಂದೆ ಹಾಕಿದರು. ಅಂಥ ಕಾಯಿಯನ್ನು ಅಂದೇ ಬಿಡಿಸಿ ಬಿಸಿಲಿಗೆ ಹರವಬೇಕು. ಹೊಸ ಒಲೆಗಳವರಿಗೆ ಪಾಲು ಉಂಟೋ ಇಲ್ಲವೋ ಎಂದು ರಾಶಿಯ ಸುತ್ತ ನಿಂತೇ ಜಗಳ ಶುರುವಾಯಿತು. ಯಾರೂ ಕೂರಲಿಲ್ಲ. ಯಾರಾದರೂ ಕೂತರೆ ಮಿಕ್ಕವರು ಎಬ್ಬಿಸಿದರು. ಒದ್ದೆ ರಾಶಿ ಒಳಗೊಳಗೇ ಬೆಚ್ಚಗಾಯಿತು. ಮರುದಿನ ಕೈ ಹಾಕಿದಾಗ ಕಾಯಿಯ ಮೇಲೆ ಬಿಳಿ ಬೂಷ್ಟು. ತೂಕದವನಾಗಿದ್ದ ಹಿರಿಯ ಮಗನನ್ನು ಅಂಗಡಿಯವರು ಎಲ್ಲರ ಎದುರಿಗೆ ಬೈದರು. ಮುಕಾದಮ ಬಂದು ಯಾರು ಎಲ್ಲಿ ಕೂರಬೇಕೆಂದು ಬೆರಳು ತೋರಿಸಿದಳು. ಅವರು ಹೋಗಿ ಕೂತರು. ಕಿರಿಸೊಸೆಗೆ ಒಣ ರಾಶಿ ಬಂತು.

ಸಂಘ ಹೋಯಿತು, ಇನ್ನು ಗಂಗಾಳ ಒಳಗೆ ಬರಬಹುದು ಎಂದು ನಾನು ತಿಳಿದಿದ್ದೆ. ಬೈಸಿಕೊಂಡು ಬಂದ ಹಿರಿಯ ಮಗನಿಗೆ ಸಿಟ್ಟು ತೀರಿಸಲು ಬೇರೆ ಯಾರೂ ಸಿಗಲಿಲ್ಲವೋ, ಮೊದಲಿನಿಂದಲೂ ಅವನ ಮನಸ್ಸಿನಲ್ಲಿ ಇದೇ ಇತ್ತೋ.

"ಸಂಘ ಹೋದ್ರ ಒಲಿ ಹೋಗ್ತದೇನು?" ಎಂದ ಅವನು ತಾಯಿಗೆ. "ಹಾಲ ಉಕ್ಕಿಸಿದಾಕಿ ನೀನ. ಅಕಿ ಬಾಯಿಲೇ ಬ್ಯಾರೆ ಅಂದಾಳ. ಊರ ಮಂದಿ ವರ್ಷತನಕ ಬಂದು ನೋಡಿ ಹೋಗ್ಯಾರ. ಇನ್ನ ಕೂಡ್ಸಿದ್ರ ಊರಾಗ ನಗ್ತಾರ."

ಅಡಿಗೆಮನೆಯಿಂದ ಹಿತ್ತಲಿಗೆ ಇದ್ದ ಬಾಗಿಲಿಗೆ ಅವನು ಇಟ್ಟಂಗಿ ಕಟ್ಟಿಸಿದ. ಕಿರಿಸೊಸೆ ಬೀದಿಯಿಂದ ಸುತ್ತಿ ಸಂದಿಯಲ್ಲಿ ಬರಬೇಕಾಯಿತು. ಬೂಬಮ್ಮ ಒಂದು ದಿನ ಹಾರೆ ಹಿಡಿದುಕೊಂಡೇ ಬಂದಳು.

"ನಿಮ್ಮ ಶಾಸ್ತ್ರ ನನಗ ಇಲ್ಲ. ಪಾಪ ಬಂದ್ರ ನನಗ ಬರ್ಲಿ. ಸರೀರಿ, ನಾ ಒಡೀತೇನಿ."

ಮುದುಕಿ ಒಲೆಗೆ ಅಡ್ಡ ಕೂತುಬಿಟ್ಟಳು. ಇದ್ದ ಒಬ್ಬ ಮಗನ ಮನೆಗೆ ಕೇಡಾಗುತ್ತದೆ ಎಂದು ಅತ್ತಳು. ಮುಕಾದಮಳ ಎದುರು ಎದ್ದು ನಿಂತವಳು ಇವಳೇ ಎಂದು ನಂಬುವುದು ಕಷ್ಟವಾಯಿತು. ಬೂಬಮ್ಮ ಹಾರೆಯನ್ನು ಹೆಗಲಿಗೆ ಏರಿಸಿಕೊಂಡಳು. "ಮೂರ ಕಲ್ಲ ಮ್ಯಾಲ ಗಡಗಿ ನಿಂದರ್ತದ ಅಂತಾರ. ನೀವು ಹೆಣ್ಣಮಗಳನ್ನ ಇಟ್ಟೀರಿ," ಎಂದು ಹೋದಳು. ಕಿರಿಸೊಸೆ ಕಟ್ಟಿಗೆ ಒಡೆಯುತ್ತಿದ್ದಳು. ಒಡೆಯುವುದನ್ನು ನಿಲ್ಲಿಸಲಿಲ್ಲ.

ಎರಡೋ ಮೂರೋ ವರ್ಷ ಕಳೆದಿರಬೇಕು. ಮುದುಕಿ ಸತ್ತಳು. ಕೆಮ್ಮು ಕೆಮ್ಮುತ್ತಲೇ ಒಂದು ಬೆಳಿಗ್ಗೆ ಹೋದಳು. ಪಡಸಾಲೆಯಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದರು. ಕಿರಿಸೊಸೆ ಬೀದಿಬಾಗಿಲಿನಿಂದ ಒಳಗೆ ಓಡಿ ಬಂದು ಅತ್ತೆಯ ಮೊಣಕಾಲು ಹಿಡಿದುಕೊಂಡು ಕೂತಳು. ಅವಳು ಆ ಪಡಸಾಲೆಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು.

ಹಾವೇರಿಯಿಂದ, ರಾಣೆಬೆನ್ನೂರಿನಿಂದ ಬೀಗರು ಬರುವವರಿದ್ದರು. ಹೆಣ ಎತ್ತುವ ತನಕ ಆ ಮನೆಯ ಒಲೆ ಹಚ್ಚುವಂತಿಲ್ಲ. ನೆರೆಯವರು ಚಹಾ, ಬುತ್ತಿ ತಂದುಕೊಡಬೇಕು. ಆದರೆ ಸಂಘದ ಜಗಳವಾದಾಗಿನಿಂದ ನೆರೆಯ ಯಾವ ಮನೆಯ ಜೊತೆಗೂ ಇವರಿಗೆ ಮಾತಿರಲಿಲ್ಲ. ಹೆಣ ನೋಡಲು ಬಂದವರು ಬಾಗಿಲಲ್ಲಿ ನಿಂತು ಹೋದರು, ಬರಿಗೈಯಲ್ಲಿ. ಬೂಬಮ್ಮ ಚಹಾ ಮಾಡಿ ತರುತ್ತೇನೆ ಎಂದಳು. ಬೀಗರು ಕುಡಿಯಲಿಕ್ಕಿಲ್ಲ ಎಂದ ಹಿರಿಯ ಮಗ.

ಸ್ವಲ್ಪ ಹೊತ್ತು ಬಿಟ್ಟು ಹಿರಿಸೊಸೆ, ಅಳುತ್ತಿದ್ದ ದನಿಯಲ್ಲೇ, "ಹಿತ್ತಲದಾಗ ಒಲಿ ಬ್ಯಾರೆ ಐತೆಲ್ಲ," ಎಂದಳು.

"ಅಕಿ ಸೊಸಿ ಅಲ್ಲೇನ?" ಎಂದಳು ಯಾರೋ ಒಬ್ಬ ಹಿರಿಯ ಹೆಂಗಸು.

"ಸೊಸಿ ಖರೇ. ಒಲಿ ಬ್ಯಾರೆ. ಬ್ಯಾರೆ ಒಲಿಗೆ ಏನ ದೋಷ?"

ಹಿರಿಯ ಮಗ ಕಿರಿಸೊಸೆಯ ಹತ್ತಿರ ಹೋಗಿ ನಿಂತ. "ಏಳವಾ. ಬಂದ ಮಂದಿಗೆ ಚಹಾ ಆಗ್ಲಿ. ನಾಕ ರೊಟ್ಟಿನೂ ಬಡದಬಿಡು." ದನಿ ಮೆತ್ತಗಿತ್ತು. ಅವಳು ಅತ್ತೆಯ ಮೊಣಕಾಲಿನಿಂದ ಕೈ ತೆಗೆಯಲಿಲ್ಲ. ಅವನು ಬಾಗಿ ಅವಳ ಕೈಯನ್ನು ತಾನೇ ಬಿಡಿಸಿದ. ತೊಟ್ಟು ಬಿಡಿಸಿದ ಹಾಗೆ ಎಂಬ ಉಪಮೆ ಇಲ್ಲಿ ತಾನಾಗಿ ಬಂದು ನಿಲ್ಲುತ್ತದೆ. ಅದು ಆಮೇಲೆ ಬಂದದ್ದು, ಅಲ್ಲಿ ಇರಲಿಲ್ಲ. ಅಲ್ಲಿ ಇದ್ದದ್ದು, ಅವಳು ಎದ್ದು ಹೋದದ್ದು.

ಆ ಮನೆತನದಲ್ಲಿ ಒಂದು ಪದ್ಧತಿ. ಹೆಣ ಎತ್ತುವ ಮುಂಚೆ ಸೊಸೆಯಂದಿರು ಪಾದಕ್ಕೆ ನೀರು ಹಾಕಿ ಸೆರಗಿನಿಂದ ಒರೆಸಬೇಕು. ಒರೆಸಿದವಳು ಆ ಮನೆಯವಳು. ಮುಂದೆ ಜಗಳವೇ ಬರಲಿ, ಕೋರ್ಟೇ ಬರಲಿ, ಆಕೆಯನ್ನು ಅಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಬೀಗರು ಬಂದರು. ಹಿತ್ತಲಿನಿಂದ ಚಹಾ ಬಂತು, ಎಲ್ಲರೂ ಕುಡಿದರು. ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಗೂ ಕೇಳುತ್ತಿತ್ತು, ಅಳುವಿನ ನಡುವೆ ನಡುವೆ. ಹಲಗೆ ಬಾರಿಸುವವರು ಬಂದು ಬಾಗಿಲ ಮುಂದೆ ನಿಂತರು. ಹಿರಿಸೊಸೆ ತಂಬಿಗೆಯ ನೀರು ಹಾಕಿದಳು, ಒರೆಸಿದಳು. ಹೆಣ ಎತ್ತಿದರು.

ಹಲಗೆಯ ಸದ್ದು ಓಣಿ ತಿರುಗಿ ದೂರವಾದ ಮೇಲೆ ಕಿರಿಸೊಸೆ ಸಂದಿಯಿಂದ ಬಂದಳು. ಮೊಣಕೈವರೆಗೆ ಹಿಟ್ಟು. ಪಡಸಾಲೆಯಲ್ಲಿ ಹೆಣ ಕೂತಿದ್ದ ಜಾಗದಲ್ಲಿ ಒದ್ದೆ ಇತ್ತು.

"ಎಲ್ಲಿ ಹೋಗೀದೆವಾ? ಕರದ್ವೆಲ್ಲ," ಎಂದಳು ಹಿರಿಸೊಸೆ.

"ಯಾವಾಗ?"

ಅವಳು ಆ ಒದ್ದೆಯನ್ನು ನೋಡುತ್ತ ನಿಂತಳು. ಹಿತ್ತಲಿನಿಂದ ರೊಟ್ಟಿ ಸೀದ ವಾಸನೆ ಬಂತು. ಅವಳು ತಿರುಗಿ ಹೋದಳು. ಮಣ್ಣು ಮಾಡಿ ಬಂದವರು ಕಾಲು ತೊಳೆದುಕೊಂಡು ಕೂತು ಊಟ ಮಾಡಿದರು. ಜುಣಕ ಚೆನ್ನಾಗಿದೆ ಎಂದ ಒಬ್ಬ ಬೀಗ.

ಕೆಲವು ವಾರಗಳಲ್ಲಿ ಅವಳು ಊರು ಬಿಟ್ಟಳು. ರಾಣೆಬೆನ್ನೂರಿನ ಕಡೆ ಬೀಜದ ಹೊಲಗಳಲ್ಲಿ ಹೂವು ಕಟ್ಟುವ, ಅಂದರೆ ಹೂವಿಗೆ ಕೈಯಿಂದ ಪರಾಗ ಕೂಡಿಸುವ ಕೆಲಸ ಸಿಕ್ಕಿದೆ, ಹಲಗೇರಿಯಲ್ಲಿ ಒಂದು ಕೋಣೆ ಮಾಡಿದ್ದಾಳೆ ಎಂದು ಯಾರೋ ಹೇಳಿದರು. ನಾನೂ ವರ್ಗವಾಗಿ ಹೋದೆ. ಆಮೇಲೆ ಅವಳನ್ನು ಕಂಡಿಲ್ಲ.

ಹಿರಿಸೊಸೆ ತಾನು ಎರಡು ಸಲ ಕೂಗಿದೆ ಎಂದು ದೇವರ ಆಣೆ ಮಾಡಿ ಹೇಳುತ್ತಿದ್ದಳು. ಯಾರೂ ಕೂಗಲಿಲ್ಲ ಎಂದು ಬೂಬಮ್ಮ ಅಷ್ಟೇ ಖಡಾಖಂಡಿತವಾಗಿ ಹೇಳುತ್ತಿದ್ದಳು. ಆದರೆ ಅವಳು ಹೊರಗೆ ಓಣಿಯಲ್ಲಿ ನಿಂತಿದ್ದಳು. ನಾನು ಪಡಸಾಲೆಯಲ್ಲೇ ಇದ್ದೆ, ಕಿಟಕಿಯ ಪಕ್ಕ. ಹಲಗೆಯ ಸದ್ದು ನೆನಪಿದೆ. ಆ ಸದ್ದಿಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತೇ, ಮುಂದುವರಿಯಿತೇ ಎಂಬುದು ನೆನಪಿಲ್ಲ. ಕಿರಿಸೊಸೆಯನ್ನು ಯಾರಾದರೂ ಕರೆದರೋ ಇಲ್ಲವೋ, ಕರೆದದ್ದು ಕೇಳಿಸಿಯೂ ಅವಳೇ ಏಳಲಿಲ್ಲವೋ, ನನಗೆ ಗೊತ್ತಿಲ್ಲ.